ಅಣು ನೋಡುವ ಮುನ್ನ ತಖ್ತೆ ತುಂಬಿರಿ

ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ತಾಲ್ಲೂಕುಗಳ ಯಾವುದಾದರೂ ಪ್ರೌಢಶಾಲೆಯಲ್ಲಿ ನೀವು ವಿಜ್ಞಾನ ಕಲಿಸುತ್ತಿದ್ದರೆ ಈ ಕೈಪಿಡಿ ನಿಮಗಾಗಿ. ಇಂದಲ್ಲ ನಾಳೆ ಮೇಲಿನ ಕಚೇರಿಯಿಂದ ಒಂದು ಪತ್ರ ಬರುತ್ತದೆ. ‘ವಿಜ್ಞಾನ ಕಲಿಕೆಗೆ ಆನ್‌ಲೈನ್‌ನಲ್ಲಿ ಲಭ್ಯವಿರುವ ಸಿಮ್ಯುಲೇಶನ್ ಹಾಗೂ ಅಣುರಚನೆ ತೋರಿಸುವ ತಂತ್ರಾಂಶಗಳನ್ನು ಹೋಲಿಸಿ, ಸೂಕ್ತವಾದುದನ್ನು ತರಗತಿಯಲ್ಲಿ ಬಳಸತಕ್ಕದ್ದು’ ಎಂದಿರುತ್ತದೆ. ಗಾಬರಿ ಬೇಡ. ಇನ್ನೊಮ್ಮೆ ಓದಿ. ಒಂದೇ ವಾಕ್ಯದಲ್ಲಿ ಎರಡು ಕೆಲಸ ಹೇಳಿದ್ದಾರೆ: ಹೋಲಿಸುವುದು, ಬಳಸುವುದು. ಮೊದಲನೆಯದನ್ನು ಶ್ರದ್ಧೆಯಿಂದ ಮಾಡಿ. ಎರಡನೆಯದರ ಗೊಡವೆಗೆ ಹೋಗುವ ಪ್ರಸಂಗವೇ ಬರುವುದಿಲ್ಲ.

ಬೇಕಾಗುವ ಸಾಮಾನು

ಒಂದು ಕಂಪ್ಯೂಟರ್ ಕೋಣೆ. ಅದಕ್ಕೊಂದು ಬೀಗ. ಬೀಗದ ಕೈ ಒಂದೇ ಇರಲಿ, ಅದು ಬೇರೆ ಶಾಲೆಗೆ ನಿಯೋಜನೆ ಮೇಲೆ ಹೋದವರ ಕಿಸೆಯಲ್ಲಿರಲಿ. ಮಾನಿಟರಿನ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಯಾವ ಕಾರಣಕ್ಕೂ ತೆಗೆಯಬೇಡಿ. ಹೊದಿಕೆ ಹೋಯಿತೆಂದರೆ ಯಂತ್ರ ಬಳಕೆಗೆ ಬಂದಿದೆ ಎಂದು ಜನ ತಿಳಿಯುತ್ತಾರೆ. ದಾಸ್ತಾನು ವಹಿ ಹತ್ತಿರವಿರಲಿ. ಮೌಸ್ ಹಾಳಾದರೆ ಯಾರ ಸಂಬಳದಿಂದ ಕಡಿತವಾಗುತ್ತದೆ ಎಂಬ ಪ್ರಶ್ನೆಯನ್ನು ಸ್ಟಾಫ್ ಮೀಟಿಂಗಿನಲ್ಲಿ ವರ್ಷದ ಆರಂಭದಲ್ಲೇ ಎತ್ತಿ, ಉತ್ತರ ಸಿಗುವ ಮುನ್ನ ಚಹಾ ತರಿಸಿ.

ಎ-4 ಹಾಳೆ ಮಾತ್ರ ಧಾರಾಳವಾಗಿ ಇಟ್ಟುಕೊಳ್ಳಿ. ಅದು ಅಡ್ಡವಾಗಿರಬೇಕು. ಉದ್ದ ಹಾಳೆಯಲ್ಲಿ ತಖ್ತೆಯ ಅಂಕಣಗಳು ಹಿಡಿಯುವುದಿಲ್ಲ.

ಪಟ್ಟಿಯನ್ನು ಉಬ್ಬಿಸಿರಿ

ಎರಡು ಮೂರು ಸಾಧನಗಳನ್ನು ಹೋಲಿಸಲು ಹೋಗಬೇಡಿ. ಮಧ್ಯಾಹ್ನದ ಊಟಕ್ಕೆ ಮೊದಲೇ ತೀರ್ಮಾನ ಬಂದುಬಿಡುತ್ತದೆ. ಫೆಟ್, ಓಲ್ಯಾಬ್ಸ್, ವರ್ಚುವಲ್ ಲ್ಯಾಬ್ಸ್, ಕೆಮ್‌ಕಲೆಕ್ಟಿವ್, ಮೋಲ್‌ವ್ಯೂ, ಜೆಮೋಲ್, ಅವೊಗಾಡ್ರೊ ಎಂದು ಬರೆಯುತ್ತಾ ಹೋಗಿ. ಕೊನೆಗೆ ಪೈಮೋಲ್ ಸೇರಿಸಿ. ಅದು ಪ್ರೋಟೀನುಗಳ ರಚನೆ ಅಧ್ಯಯನ ಮಾಡುವ ಸಂಶೋಧಕರು ಬಳಸುವಂಥದ್ದು; ಮೀಥೇನಿನಲ್ಲಿ ಹೈಡ್ರೋಜನ್ ಎಷ್ಟು ಎಂದು ಎಣಿಸುತ್ತಿರುವ ಹತ್ತನೆಯ ತರಗತಿಗೆ ಅದರಿಂದ ಏನೂ ಆಗಬೇಕಾಗಿಲ್ಲ. ಅದಕ್ಕೇ ಪಟ್ಟಿಯಲ್ಲಿರಲಿ. ಅದರ ತೆರೆಯನ್ನು ಒಮ್ಮೆ ತೋರಿಸಿದರೆ ಮುಖ್ಯ ಗುರುಗಳು ‘ಇದು ನಮ್ಮ ಮಕ್ಕಳಿಗೆ ಆಗೂದಲ್ಲ ಬಿಡ್ರಿ’ ಎನ್ನುತ್ತಾರೆ. ಆ ಮಾತನ್ನು ಇಡೀ ಪಟ್ಟಿಗೆ ಅನ್ವಯಿಸಿಕೊಳ್ಳಿ.

ಪ್ರಸ್ತಾವನೆಯಲ್ಲಿ, ಜಿಲ್ಲೆಯಲ್ಲಿ 2016ರಿಂದ ಐ.ಐ.ಟಿ. ಇದೆ ಎಂದು ಬರೆಯಿರಿ. ಹೋಲಿಕೆಗೂ ಅದಕ್ಕೂ ಸಂಬಂಧವಿಲ್ಲ. ಓದಿದವರಿಗೆ ಹಿತವಾಗುತ್ತದೆ.

ಯಾವುದು ಯಾತಕ್ಕೆ ಎಂಬುದನ್ನು ಗುಟ್ಟಾಗಿಡಿ

ಇದು ಈ ಕೈಪಿಡಿಯ ಹೃದಯಭಾಗ. ನಿಧಾನವಾಗಿ ಓದಿ, ಓದಿದ ಮೇಲೆ ಮರೆತುಬಿಡಿ.

ಈ ಸಾಧನಗಳು ಒಂದಕ್ಕೊಂದು ಪ್ರತಿಸ್ಪರ್ಧಿಗಳಲ್ಲ, ಒಂದೊಂದರ ಕೆಲಸ ಒಂದೊಂದು. ಫೆಟ್ ಅನ್ನು 2002ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಶುರುಮಾಡಿದವರು ಕಾರ್ಲ್ ವೀಮನ್. ಅದರ ಹಿಂದಿನ ವರ್ಷವಷ್ಟೇ ಅವರಿಗೆ ಭೌತವಿಜ್ಞಾನದ ನೊಬೆಲ್ ಬಂದಿತ್ತು. ಅಲ್ಲಿ ಮಗು ಒಂದು ಗುಂಡಿ ಜಗ್ಗುತ್ತದೆ, ಏನೋ ಬದಲಾಗುತ್ತದೆ, ಯಾಕೆ ಎಂದು ಕೇಳುತ್ತದೆ. ‘ಹೀಗಾದರೆ ಏನಾಗುತ್ತದೆ’ ಎಂಬ ಪ್ರಶ್ನೆಗೆ ಅದು. ಓಲ್ಯಾಬ್ಸ್ ನಮ್ಮ ದೇಶದ್ದೇ. ಅಮೃತ ವಿಶ್ವವಿದ್ಯಾಪೀಠ ಮತ್ತು ಮುಂಬೈನ ಸಿ-ಡ್ಯಾಕ್ ಸೇರಿ 9ರಿಂದ 12ನೇ ತರಗತಿಯ ಪ್ರಯೋಗಗಳಿಗೆ ಮಾಡಿದ್ದು. ಸಿದ್ಧಾಂತ, ವಿಧಾನ, ಸಿಮ್ಯುಲೇಶನ್, ವಿಡಿಯೋ, ವೈವಾ ಎಂದು ಅದರಲ್ಲಿ ಸಾಲಾಗಿ ಇವೆ. ಬ್ಯುರೆಟ್ ಹಿಡಿಯುವ ಮುಂಚಿನ ತಾಲೀಮಿಗೆ ಅದು. ಕೆಮ್‌ಕಲೆಕ್ಟಿವ್ ದ್ರಾವಣಗಳನ್ನು ಬೆರೆಸಿ ಲೆಕ್ಕ ಹಾಕುವವರಿಗೆ. ಮೋಲ್‌ವ್ಯೂ ಇವೆಲ್ಲಕ್ಕಿಂತ ಬೇರೆ: ಪೆಟ್ಟಿಗೆಯಲ್ಲಿ ವಸ್ತುವಿನ ಹೆಸರು ಹೊಡೆದರೆ ಎಡಕ್ಕೆ ಅದರ ರಚನಾಚಿತ್ರ, ಬಲಕ್ಕೆ ಅದೇ ಅಣು ಮೂರು ಆಯಾಮದಲ್ಲಿ. ಬೆರಳಿಟ್ಟು ತಿರುಗಿಸಬಹುದು. ಹೆಸರು ಗೊತ್ತಿರುವ ವಸ್ತುವಿನ ಒಳಗನ್ನು ನೋಡುವುದಕ್ಕೆ ಅದು.

ಇಷ್ಟನ್ನು ಯಾರಿಗಾದರೂ ಹೇಳಿದಿರೋ, ಹೋಲಿಕೆ ಅಲ್ಲಿಗೆ ಮುಗಿಯಿತು. ‘ಹಂಗಾರ ಮಂಗಳವಾರ ಇದು, ಗುರುವಾರ ಅದು’ ಎಂದು ಯಾರೋ ಉತ್ಸಾಹಿ ವೇಳಾಪಟ್ಟಿ ಹಾಕಿಬಿಡುತ್ತಾರೆ. ಆದ್ದರಿಂದ ಎಲ್ಲವನ್ನೂ ಒಂದೇ ಕೋಲಿನಿಂದ ಅಳೆಯಿರಿ. ಬಣ್ಣ, ಲೋಗೋ, ಸರ್ಕಾರದ್ದೋ ಖಾಸಗಿಯೋ, ಸ್ವದೇಶಿಯೋ ವಿದೇಶಿಯೋ, ತೆರೆದಾಗ ಸಂಗೀತ ಬರುತ್ತದೋ ಇಲ್ಲವೋ. ಪ್ರತಿಯೊಂದಕ್ಕೂ 20 ಅಂಕ. ತೆರೆಯದೆಯೇ ಅಂಕ ಕೊಡಿ, ತೆರೆದರೆ ಪಕ್ಷಪಾತ ಬರುತ್ತದೆ. ಮೊತ್ತ ಎಲ್ಲಕ್ಕೂ 60ರ ಆಸುಪಾಸಿನಲ್ಲಿ ನಿಲ್ಲುವಂತೆ ನೋಡಿಕೊಳ್ಳಿ. ಒಂದಕ್ಕೆ 80 ಬಂದರೆ ಅದನ್ನು ಬಳಸಿ ಎನ್ನುತ್ತಾರೆ.

‘ಕನ್ನಡದಲ್ಲಿದೆಯೇ’ ಎಂಬ ಅಂಕಣ ಬೇಡ. ಫೆಟ್‌ನಲ್ಲಿ ಕನ್ನಡಕ್ಕೆ ಬಂದಿರುವ ಸಿಮ್ಯುಲೇಶನ್‌ಗಳಿವೆ. ಸರ್ಕಾರಿ ಶಿಕ್ಷಕರೇ ಸೇರಿ ಕಟ್ಟಿದ ಕೋಯರ್ ಎಂಬ ಕರ್ನಾಟಕದ ಮುಕ್ತ ಸಂಪನ್ಮೂಲ ತಾಣವೂ ಇದೆ. ಇವನ್ನು ನೋಡಿದವರು ‘ಇಂಗ್ಲಿಷ್ ಬರೂದಿಲ್ಲ’ ಎಂಬ ನಮ್ಮ ಹಳೆಯ, ನಂಬಿಕಸ್ಥ ಕಾರಣವನ್ನು ಕೈಬಿಡಬೇಕಾಗುತ್ತದೆ.

ಪರೀಕ್ಷೆಗೆ ಸರಿಯಾದ ಮುಹೂರ್ತ

ತಂತ್ರಾಂಶಗಳನ್ನು ಪರೀಕ್ಷಿಸಿದ ದಿನಾಂಕ ವರದಿಯಲ್ಲಿ ಇರಬೇಕು. ಕರೆಂಟ್ ಇಲ್ಲದ ಹೊತ್ತು ಶ್ರೇಷ್ಠ. ಅದು ಸಿಗದಿದ್ದರೆ, ಒಂದೇ ಮೊಬೈಲಿನ ಹಾಟ್‌ಸ್ಪಾಟಿಗೆ ಕೋಣೆಯ ಎಲ್ಲ ಯಂತ್ರಗಳನ್ನೂ ಜೋಡಿಸಿ, ಎಲ್ಲದರಲ್ಲೂ ಒಟ್ಟಿಗೆ ಮೂರು ಆಯಾಮದ ಚಿತ್ರ ತೆರೆಯಿರಿ. ಚಕ್ರ ಸುತ್ತುತ್ತಿರುವಾಗ ಫೋಟೋ ತೆಗೆಯಿರಿ.

ಹಳೆಯ ತರಬೇತಿಯಲ್ಲಿ ಕೊಟ್ಟ ಸಿ.ಡಿ. ಇದ್ದರೆ ಹುಡುಕಿ ತನ್ನಿ, ಅದು ಚಿನ್ನ. ಅದರಲ್ಲಿನ ಸಿಮ್ಯುಲೇಶನ್‌ಗಳು ಫ್ಲ್ಯಾಶ್‌ನಲ್ಲೋ ಜಾವಾ ಆ್ಯಪ್ಲೆಟ್‌ನಲ್ಲೋ ಇರುತ್ತವೆ. ಫ್ಲ್ಯಾಶ್ ಅನ್ನು ಅದರ ಕಂಪನಿಯೇ 2020ರ ಡಿಸೆಂಬರ್ 31ಕ್ಕೆ ನಿಲ್ಲಿಸಿತು. ‘ಪ್ಲಗ್-ಇನ್ ಬೆಂಬಲಿತವಾಗಿಲ್ಲ’ ಎಂಬ ಬೂದು ಬಣ್ಣದ ಚೌಕ ತೆರೆಯ ಮೇಲೆ ಬಂದಾಗ ಅದರ ಪ್ರಿಂಟ್ ತೆಗೆದು ಲಗತ್ತಿಸಿ. ಕೆಳಗೆ ‘ತಾಂತ್ರಿಕ ಅಡಚಣೆ’ ಎಂದು ಬರೆಯಿರಿ. ಈ ಎರಡು ಪದಗಳ ಮುಂದೆ ಯಾವ ಅಧಿಕಾರಿಯೂ ನಿಲ್ಲಲಾರ.

ಒಂದು ಎಚ್ಚರಿಕೆ. ಹೊಸ ಫೆಟ್ ಸಿಮ್ಯುಲೇಶನ್ ಒಂದೊಂದೂ ಒಂದೇ ಫೈಲ್. ಧಾರವಾಡದಲ್ಲೋ ಹುಬ್ಬಳ್ಳಿಯಲ್ಲೋ ಒಮ್ಮೆ ಇಳಿಸಿಕೊಂಡು ಪೆನ್‌ಡ್ರೈವ್‌ಗೆ ಹಾಕಿ ತಂದರೆ ನೆಟ್ ಇಲ್ಲದೆಯೂ ಬ್ರೌಸರಿನಲ್ಲಿ ತೆರೆದುಕೊಳ್ಳುತ್ತದೆ. ಈ ಮಾಹಿತಿ ನಿಮ್ಮಲ್ಲೇ ಇರಲಿ. ಪೆನ್‌ಡ್ರೈವ್‌ನಿಂದ ವೈರಸ್ ಬರುತ್ತದೆ ಎಂದು ಬಾಗಿಲ ಮೇಲೆ ಚೀಟಿ ಅಂಟಿಸಿ.

ತೋರಿಸಲೇಬೇಕಾಗಿ ಬಂದರೆ

ವಿಷಯ ಪರಿವೀಕ್ಷಕರು ಬರುತ್ತೇನೆ ಎಂದಾಗ ಒಂದು ಪ್ರದರ್ಶನ ತಪ್ಪಿದ್ದಲ್ಲ. ಮೊದಲ ನಿಯಮ: ಮೌಸ್ ನಿಮ್ಮ ಕೈಯಲ್ಲಿರಲಿ. ಎರಡನೆಯ ನಿಯಮ: ಮಕ್ಕಳ ಕೈ ಅವರ ಬಗಲಲ್ಲಿರಲಿ. ‘ಕಾರ್ಬನ್ ಮತ್ತು ಅದರ ಸಂಯುಕ್ತಗಳು’ ಪಾಠ ತೆಗೆದು, ಬೆಂಜೀನನ್ನು ಒಂದು ದಿಕ್ಕಿಗೆ ಎರಡು ಸುತ್ತು, ಇನ್ನೊಂದು ದಿಕ್ಕಿಗೆ ಎರಡು ಸುತ್ತು ತಿರುಗಿಸಿ. ‘ತಿಳೀತೇನು?’ ಎಂದು ಕೇಳಿ. ‘ಹೌದ್ರೀ ಸರ್‍ರ’ ಎಂದು ಒಕ್ಕೊರಲಿನ ಉತ್ತರ ಬಂದ ತಕ್ಷಣ ಆಫ್ ಮಾಡಿ.

ವಿದ್ಯುನ್ಮಂಡಲದ ಸಿಮ್ಯುಲೇಶನ್ ಹತ್ತಿರ ಸುಳಿಯಬೇಡಿ. ಬ್ಯಾಟರಿಯ ಎರಡೂ ತುದಿಗೆ ತಂತಿ ಸೇರಿಸಿದರೆ ತೆರೆಯ ಮೇಲೆ ಬೆಂಕಿ ಹತ್ತಿಕೊಳ್ಳುತ್ತದೆ, ಹಿಂದಿನ ಬೆಂಚಿನವರೂ ಎದ್ದು ಬರುತ್ತಾರೆ. ಇದೇ ವಿಷಯದ ಮೇಲೆ 2005ರಲ್ಲಿ ಕೊಲರಾಡೊದವರು ಒಂದು ಅಧ್ಯಯನ ಪ್ರಕಟಿಸಿದ್ದಾರೆ. ತೆರೆಯ ಮೇಲೆ ಮಂಡಲ ಕಟ್ಟಿ ಕಲಿತ ವಿದ್ಯಾರ್ಥಿಗಳು ನಿಜವಾದ ಬಲ್ಬು, ತಂತಿ ಹಿಡಿದು ಕಲಿತವರಿಗಿಂತ ಚೆನ್ನಾಗಿ ನಿಜವಾದ ಮಂಡಲವನ್ನೇ ಜೋಡಿಸಿ ತೋರಿಸಿದರು. ಇಂಥ ವರದಿಗಳು ಶಾಲೆಯ ಶಿಸ್ತಿಗೆ ಒಳ್ಳೆಯದಲ್ಲ. ದ್ರವ್ಯದ ಸ್ಥಿತಿಗಳ ಸಿಮ್ಯುಲೇಶನ್ ಇನ್ನೂ ಕೆಟ್ಟದ್ದು: ಅತಿಯಾಗಿ ಕಾಸಿದರೆ ಪಾತ್ರೆಯ ಮುಚ್ಚಳ ಹಾರಿಹೋಗುತ್ತದೆ. ‘ಇನ್ನೊಮ್ಮೆ ಹಾರಸ್ರಿ ಸರ್‍ರ’ ಎಂಬ ಕೂಗು ಪಕ್ಕದ ಸಮಾಜ ವಿಜ್ಞಾನದ ಟೀಚರಿಗೆ ಕೇಳಿಸುತ್ತದೆ. ಒತ್ತಡಕ್ಕೂ ಉಷ್ಣತೆಗೂ ಏನು ಸಂಬಂಧ ಎಂದು ಮಕ್ಕಳು ತಾವಾಗಿಯೇ ಕಂಡುಕೊಂಡರೆ ನಾಳೆ ನೀವು ನೋಟ್ಸ್ ಬರೆಸುವುದು ಏನನ್ನು?

ತಪ್ಪು ತಿಳಿವಳಿಕೆಯನ್ನು ಜತನದಿಂದ ಬೆಳೆಸಿ

ತೆರೆಯ ಮೇಲಿನ ಅಣುವಿನಲ್ಲಿ ಆಕ್ಸಿಜನ್ ಕೆಂಪು, ನೈಟ್ರೋಜನ್ ನೀಲಿ, ಹೈಡ್ರೋಜನ್ ಬಿಳಿ, ಗಂಧಕ ಹಳದಿ. ಕೋರಿ, ಪಾಲಿಂಗ್, ಕೋಲ್ಟುನ್ ಎಂಬುವರ ಹೆಸರಿನಲ್ಲಿ ನಡೆದು ಬಂದ ಒಪ್ಪಂದ ಅದು, ಅಷ್ಟೆ. ಒಂಟಿ ಪರಮಾಣು ಬೆಳಕಿನ ತರಂಗಕ್ಕಿಂತ ಎಷ್ಟೋ ಸಣ್ಣದು, ಅದಕ್ಕೆ ನಾವು ಕಾಣುವಂಥ ಬಣ್ಣವಿಲ್ಲ. ಇದನ್ನು ಹೇಳಬೇಡಿ. ‘ಆಕ್ಸಿಜನ್ನಿನ ಬಣ್ಣ ಕೆಂಪು’ ಎಂದು ಬರೆದ ಹುಡುಗನಿಗೆ ಪೂರ್ತಿ ಅಂಕ ಕೊಡಿ, ಅಚ್ಚುಕಟ್ಟಾಗಿ ಸ್ಕೆಚ್ ಪೆನ್ ಬಳಸಿದ್ದಾನೆ. ಎರಡು ಗುಂಡುಗಳ ನಡುವಿನ ಕಡ್ಡಿ ನಿಜವಾದ ಕಡ್ಡಿಯೇ ಎಂಬ ನಂಬಿಕೆಯನ್ನೂ ಮುಟ್ಟಬೇಡಿ.

ಮೀಥೇನನ್ನು ಬೋರ್ಡಿನ ಮೇಲೆ ಕೂಡಿಸುವ ಚಿಹ್ನೆಯ ಹಾಗೆ ಬರೆಯಿರಿ. ನಡುವೆ ಕಾರ್ಬನ್, ನಾಲ್ಕೂ ಕಡೆ ಹೈಡ್ರೋಜನ್, ಕೋನ 90 ಡಿಗ್ರಿ. ಅದು ನಿಜದಲ್ಲಿ ಚಪ್ಪಟೆಯಲ್ಲ, 109.5 ಡಿಗ್ರಿಯ ಕೋನದಲ್ಲಿ ನಾಲ್ಕು ದಿಕ್ಕಿಗೆ ಕೈ ಚಾಚಿದೆ ಎಂಬುದನ್ನು ತೋರಿಸಲು ಕಂಪ್ಯೂಟರೇ ಬೇಕು ಎಂದು ವಾದಿಸಿ. ಕಂಪ್ಯೂಟರ್ ಬಂದ ಮೇಲೆ, ಕರೆಂಟ್ ಇಲ್ಲ ಎಂದು ವಾದಿಸಿ.

ಇಲ್ಲಿ ಹಳ್ಳಿಯ ಶಾಲೆಗಳಿಗೇ ವಿಶೇಷವಾದ ಒಂದು ಅಪಾಯವಿದೆ. ನಿಮ್ಮ ಮಕ್ಕಳಿಗೆ ಜೋಳದ ದಂಟಿನಿಂದ ಬಂಡಿ ಮಾಡಲು ಬರುತ್ತದೆ. ಬಣವಿಯಿಂದ ಒಂದು ಕಣಕಿ ದಂಟು ಎಳೆದು, ಮೇಲಿನ ಸಿಬಿರು ಸುಲಿದು, ಒಳಗಿನ ಬೆಂಡನ್ನು ಗೇಣಿಗಿಷ್ಟು ಕೊಯ್ದು, ಬೆಂಡಿಗೆ ಸಿಬಿರು ಚುಚ್ಚಿ ಗಾಲಿ, ನೊಗ ಎಲ್ಲ ಕೂಡಿಸುತ್ತಾರೆ. ಇದೇ ಬೆಂಡಿನ ಒಂದು ತುಣುಕು ಕಾರ್ಬನ್, ನಾಲ್ಕು ಸಣ್ಣ ತುಣುಕು ಹೈಡ್ರೋಜನ್, ನಾಲ್ಕು ಸಿಬಿರು ಬಂಧ ಎಂದು ಒಬ್ಬ ಹುಡುಗನಿಗೆ ಹೊಳೆದರೆ ಸಾಕು. ನಾಲ್ಕೂ ಹೈಡ್ರೋಜನ್ ಒಂದರಿಂದೊಂದು ಆದಷ್ಟು ದೂರ ನಿಲ್ಲುವಂತೆ ಚುಚ್ಚು ಎಂದರೆ ಕೋನಮಾಪಕವಿಲ್ಲದೆ ಹೆಚ್ಚುಕಡಿಮೆ ಸರಿಯಾದ ಆಕಾರಕ್ಕೆ ಬಂದು ಮುಟ್ಟುತ್ತಾನೆ. ಅದನ್ನು ಮೇಜಿನ ಮೇಲಿಟ್ಟರೆ ಮೂರು ಕಾಲಿನ ಮೇಲೆ ನಿಲ್ಲುತ್ತದೆ, ಯಾವ ಮೂರು ಕಾಲಾದರೂ ಸರಿ. ತೆರೆಯ ಮೇಲಿನ ಅಣುವಿನ ಪಕ್ಕದಲ್ಲಿ ಇದನ್ನು ಹಿಡಿದು ನೋಡಿದ ಮಗುವಿಗೆ ಎರಡೂ ಅರ್ಥವಾಗಿಬಿಡುತ್ತವೆ. ಕೂಡಲೇ ತಡೆಯಿರಿ. ಕಾರಣ ಕೇಳಿದರೆ, ಕಣಕಿಗೆ ಜಿ.ಎಸ್.ಟಿ. ಬಿಲ್ ಬರುವುದಿಲ್ಲ ಎನ್ನಿ.

ದೊಡ್ಡವರು ಹೀಗೇ ಮಾಡಿದ್ದರು ಎಂಬ ಕತೆಗಳೂ ಬೇಡ. ವಾಟ್ಸನ್ ಮತ್ತು ಕ್ರಿಕ್ 1953ರಲ್ಲಿ ಡಿ.ಎನ್.ಎ. ರಚನೆ ಬಿಡಿಸಿದ್ದು ರಟ್ಟಿನ ತುಂಡು, ತಗಡಿನ ತುಂಡು ಜೋಡಿಸಿ. ಜಿ.ಎನ್. ರಾಮಚಂದ್ರನ್ ಮದ್ರಾಸಿನಲ್ಲಿ ಕೊಲಾಜೆನ್ನಿನ ಮೂರೆಳೆಯ ಸುರುಳಿಯನ್ನು ಕಂಡದ್ದು, 1963ರಲ್ಲಿ ಪ್ರೋಟೀನು ಯಾವ ಯಾವ ಕೋನಕ್ಕೆ ಬಾಗಬಲ್ಲದು ಎಂಬ ನಕ್ಷೆ ಕೊಟ್ಟದ್ದು ಇಂದಿನ ಯಾವ ಅಣು ತಂತ್ರಾಂಶವೂ ಇಲ್ಲದ ಕಾಲದಲ್ಲಿ. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಣು ಜೀವಭೌತ ವಿಭಾಗವನ್ನು ಕಟ್ಟಿದರು. ಇವತ್ತು ಪ್ರೋಟೀನ್ ರಚನೆ ಪರೀಕ್ಷಿಸುವ ತಂತ್ರಾಂಶಗಳು ಅವರ ಹೆಸರಿನ ನಕ್ಷೆಯನ್ನೇ ತೆಗೆದು ತಾಳೆ ನೋಡುತ್ತವೆ. ಇಷ್ಟೆಲ್ಲ ಹೇಳಿದರೆ ಮಕ್ಕಳು ‘ಹಂಗಾರ ನಾವೂ ಮಾಡೂಣ್ರಿ’ ಎನ್ನುತ್ತಾರೆ. ರಾಮಚಂದ್ರನ್ ಬಗ್ಗೆ ಒಂದು ಅಂಕದ ಪ್ರಶ್ನೆ ಬಂದರೆ ನೋಡಿಕೊಳ್ಳೋಣ.

ಊರಿನ ಪ್ರಶ್ನೆಗಳು

ತೆರೆಯ ಮೇಲಿನ ವಿಜ್ಞಾನ ತೆರೆಯ ಮೇಲೇ ಇರಲಿ, ಅದು ಹೊಲಕ್ಕೆ ಇಳಿಯಬಾರದು. ಫೆಟ್‌ನ ಪಿ.ಎಚ್. ಸಿಮ್ಯುಲೇಶನ್ ಇದಕ್ಕೆ ಅನುಕೂಲವಾಗಿದೆ. ಅದರಲ್ಲಿ ಕಾಫಿ, ಕಿತ್ತಳೆ ರಸ, ಬ್ಯಾಟರಿ ಆ್ಯಸಿಡ್, ಕೋಳಿ ಸೂಪು, ಉಗುಳು, ವಾಂತಿ ಕೂಡ ಇವೆ. ನವಲಗುಂದದ ಸವಳು ನೀರು ಇಲ್ಲ. ಅಷ್ಟಕ್ಕೇ ಸಮಾಧಾನಪಡಿ. ಆದರೆ ಯಾರಾದರೂ ‘ನಮ್ಮ ಬೋರಿನ ನೀರು ಎಷ್ಟ ಬರ್ತದ್ರಿ?’ ಎಂದು ಬಾಟಲಿ ತಂದರೆ, ಲಿಟ್ಮಸ್ ಕಾಗದ ಮುಗಿದಿದೆ ಎನ್ನಿ. ಅರಿಶಿನಕ್ಕೆ ಸುಣ್ಣ ತಾಗಿದರೆ ಕೆಂಪಾಗುತ್ತದೆ ಎಂಬುದು ಅವರ ಅವ್ವನಿಗೆ ಗೊತ್ತಿದೆ. ಅದು ಸೂಚಕ ಎಂಬುದು ನಿಮಗೆ ಗೊತ್ತಿದೆ. ಇಬ್ಬರೂ ಭೇಟಿಯಾಗದಿದ್ದರೆ ಆಯಿತು.

ಎರಿ ಮಣ್ಣಿನ ವಿಷಯ ಇನ್ನೂ ಸೂಕ್ಷ್ಮ. ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರುಕು, ಮಳೆಗಾಲದಲ್ಲಿ ಚಪ್ಪಲಿ ಬಿಡದಷ್ಟು ಅಂಟು. ಅದರ ಜೇಡಿಯೊಳಗೆ ಸ್ಮೆಕ್ಟೈಟ್ ಜಾತಿಯ ಖನಿಜ, ಪದರ ಪದರ. ಪದರಗಳ ನಡುವೆ ನೀರು ಹೊಕ್ಕರೆ ಉಬ್ಬುತ್ತದೆ, ಹೊರಟರೆ ಕುಗ್ಗಿ ಸೀಳುತ್ತದೆ. ನೀರಿನ ಅಣುವಿನ ಬಾಗು 104.5 ಡಿಗ್ರಿ ಎಂದು ತೋರಿಸುವಾಗ ಆ ಬಾಗಿನಿಂದಲೇ ನೀರಿಗೆ ಒಂದು ಕಡೆ ಧನ, ಒಂದು ಕಡೆ ಋಣ ಬಂತು, ಅದಕ್ಕೇ ಅದು ಮಣ್ಣಿನ ಪದರಕ್ಕೆ ಅಂಟುತ್ತದೆ ಎನ್ನುವವರೆಗೆ ಹೋಗಬೇಡಿ. ಕೋನದ ಅಂಕಿ ಬರೆಸಿ. ಕೆಳಗೆ ಎರಡು ಗೆರೆ ಎಳೆಸಿ.

ವರದಿ

ನಿರ್ಣಯದ ಜಾಗದಲ್ಲಿ ಅಡ್ಡಗೋಡೆಯ ಮೇಲೆ ದೀಪ ಇಡಿ. ‘ಎಲ್ಲ ಸಾಧನಗಳೂ ತಮ್ಮ ತಮ್ಮ ಮಟ್ಟಿಗೆ ಉತ್ತಮವಾಗಿದ್ದು, ಸ್ಥಳೀಯ ಪರಿಸ್ಥಿತಿಗೆ ಅನುಗುಣವಾಗಿ ಹೆಚ್ಚಿನ ಪರಿಶೀಲನೆ ಅಗತ್ಯವೆಂದು ಕಂಡುಬಂದಿದೆ.’ ಈ ವಾಕ್ಯವನ್ನು ಬದಲಿಸಬೇಡಿ. ಫೋಟೋಗೆ ಮಕ್ಕಳನ್ನು ಕಂಪ್ಯೂಟರಿನ ಮುಂದೆ ಕೂರಿಸಿ; ತೆರೆ ಕಪ್ಪಗಿದ್ದರೆ ಹಿಂದಿನಿಂದ ತೆಗೆಯಿರಿ. ಮೂರು ಪ್ರತಿ ಮಾಡಿ, ಒಂದಕ್ಕೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಅನುಪಾಲನಾ ವರದಿ ಕೇಳಿದಾಗ ಇದೇ ಕಡತವನ್ನು ದಿನಾಂಕ ಬದಲಿಸಿ ಕಳಿಸಿ.

ಇಷ್ಟಾದ ಮೇಲೂ ಒಂದು ತೊಂದರೆ ಉಳಿದಿರುತ್ತದೆ. ಕುಂದಗೋಳದ ಕಡೆ ಮೆಣಸಿನಕಾಯಿ ಹೊಲದಿಂದ ಬರುವ ಒಬ್ಬ ಹುಡುಗಿ, ಯಾರ ಅನುಮತಿಯೂ ಇಲ್ಲದೆ, ರಾತ್ರಿ ಅಪ್ಪನ ಮೊಬೈಲಿನಲ್ಲಿ ಮೋಲ್‌ವ್ಯೂ ತೆರೆದಿರುತ್ತಾಳೆ. ಪ್ರಾರ್ಥನೆ ಮುಗಿದ ಕೂಡಲೇ ನಿಮ್ಮನ್ನು ತಡೆಯುತ್ತಾಳೆ.

‘ಸರ್‍ರ, ನಮ್ಮ ಡಬ್ಬಿ ಕಾಯಿ ಅಷ್ಟ ಕೆಂಪ ಐತಿ, ಖಾರ ಯಾಕ ಇಲ್ರಿ? ಕೆಂಪಿಂದು ಕ್ಯಾಪ್ಸಾಂಥಿನ್ ಅಂತ್ರಿ, ಖಾರದ್ದು ಕ್ಯಾಪ್ಸೈಸಿನ್ ಅಂತ್ರಿ. ಎರಡೂ ನೋಡೀನಿ. ಒಂದು ಉದ್ದಕ ಸರಪಳಿ ಇದ್ದಂಗ ಐತಿ, ಇನ್ನೊಂದು ಗಿಡ್ಡ. ಒಂದಕ್ಕೊಂದು ಸಂಬಂಧನ ಇಲ್ರಿ!’

ಅವಳು ಹೇಳಿದ್ದು ಸರಿಯಾಗಿದೆ. ಕ್ಯಾಪ್ಸಾಂಥಿನ್ನಿನ ಆ ಉದ್ದ ಸರಪಳಿಯಲ್ಲಿ ಒಂದು ಬಿಟ್ಟು ಒಂದರಂತೆ ದ್ವಿಬಂಧಗಳಿವೆ. ಅವೇ ನೀಲಿ-ಹಸಿರು ಬೆಳಕನ್ನು ಹೀರಿ ಕೆಂಪನ್ನು ನಮಗೆ ಬಿಡುತ್ತವೆ. ಕ್ಯಾಪ್ಸೈಸಿನ್ನಿಗೆ ಬಣ್ಣದ ಉಸಾಬರಿಯಿಲ್ಲ, ಅದು ನಾಲಿಗೆಯ ನರದಲ್ಲಿ ಬಿಸಿಯನ್ನು ಗುರುತಿಸುವ ಬಾಗಿಲನ್ನೇ ತೆರೆಯುತ್ತದೆ. ಆ ಬಾಗಿಲನ್ನು ಇದೇ ಕ್ಯಾಪ್ಸೈಸಿನ್ ಹಿಡಿದು ಪತ್ತೆ ಮಾಡಿದ ಡೇವಿಡ್ ಜೂಲಿಯಸ್‌ಗೆ 2021ರ ನೊಬೆಲ್ ಪಾಲು ಬಂತು. ಅವಳ ಡಬ್ಬಿ ಕಾಯಿ ಬ್ಯಾಡಗಿ ತಳಿಯದು; ಅದರಲ್ಲಿ ಕ್ಯಾಪ್ಸಾಂಥಿನ್ ಹೆಚ್ಚು, ಕ್ಯಾಪ್ಸೈಸಿನ್ ಕಡಿಮೆ. ಇದಾವುದನ್ನೂ ಬಾಯಿಬಿಡಬೇಡಿ. ‘ಪಠ್ಯದಾಗ ಇಲ್ಲ’ ಎನ್ನಿ. ಅಷ್ಟಾದರೂ ಅವಳು ನಿಂತೇ ಇದ್ದರೆ ಸ್ವಾಗತ ಗೀತೆಯ ತಂಡಕ್ಕೆ ಸೇರಿಸಿ, ತಾಲೀಮನ್ನು ಕಂಪ್ಯೂಟರ್ ಪೀರಿಯಡ್ಡಿಗೇ ಇಡಿ. ಕುಂದಗೋಳವೆಂದರೆ ಗಾಯಕ ಸವಾಯಿ ಗಂಧರ್ವರ ಊರು. ಹಾಡು ಬೇಡ ಎಂದು ಯಾವ ಪಾಲಕರೂ ಶಾಲೆಗೆ ಬಂದು ಜಗಳ ತೆಗೆಯುವುದಿಲ್ಲ.